ನುಡಿಗಟ್ಟಿಗಾಗಿ ಬೇಸ್‌ಬಾಲ್ ನೋಡಿದೆ

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಇಂಗ್ಲಿಷ್ ನುಡಿಗಟ್ಟು ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’, ಅಂದರೆ ಧೋ ಎಂದು ಮಳೆ ಸುರಿಯುವುದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ, ಅಮೆರಿಕದ ತಂಡದ ಜೊತೆ ರಾತ್ರಿ ಕಾಲ್‌ಗಳಲ್ಲಿ ಕೂರತೊಡಗಿದ ಮೇಲೆ ಅದನ್ನು ಯಾರ ಬಾಯಲ್ಲೂ ಕೇಳಲಿಲ್ಲ. ಕಿವಿಗೆ ಬೀಳುತ್ತಿದ್ದುದು ‘ಟಚ್ ಬೇಸ್’, ‘ಬಾಲ್‌ಪಾರ್ಕ್ ಫಿಗರ್’ (ಅಂದರೆ ಅಂದಾಜು ಲೆಕ್ಕ), ‘ಕರ್ವ್‌ಬಾಲ್’, ‘ರೇನ್ ಚೆಕ್’. ಬಿಡಿ ಪದಗಳೆಲ್ಲ ಗೊತ್ತು, ಮಾತು ಮಾತ್ರ ಗೊತ್ತಿಲ್ಲ.

ಒಂದು ನೋಟ್‌ಬುಕ್ ಇಟ್ಟೆ. ನುಡಿಗಟ್ಟನ್ನಷ್ಟೇ ಬರೆದರೆ ಉಪಯೋಗವಿಲ್ಲ. ಇಡೀ ವಾಕ್ಯ, ಅದಕ್ಕೆ ಮುಂಚೆ ನಡೆದ ಮಾತು, ಆಮೇಲೆ ಕೇಳಿದವರು ಏನು ಮಾಡಿದರು ಎಂಬುದನ್ನೂ ಬರೆಯುತ್ತಿದ್ದೆ. ಅರ್ಥ ಊಹಿಸಿದ ಮೇಲಷ್ಟೇ ನಿಘಂಟು. ಪುಟಗಳು ತುಂಬಿದಂತೆ ಒಂದು ವಿಷಯ ಎದ್ದು ಕಂಡಿತು: ಇವುಗಳಲ್ಲಿ ಎಷ್ಟೋ ಬೇಸ್‌ಬಾಲ್ ಮೈದಾನದಿಂದ ಎದ್ದು ಬಂದವು. ಸರಿ, ಆಟವನ್ನೇ ನೋಡಿಬಿಡೋಣ ಎಂದು ಕೂತೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದೇನು ಕಷ್ಟವಲ್ಲ. ಓಡುವವನು ದಾರಿಯಲ್ಲಿರುವ ಬೇಸ್‌ಗಳನ್ನೆಲ್ಲ, ಅಂದರೆ ಮೈದಾನದಲ್ಲಿ ಗುರುತು ಮಾಡಿದ ತಾಣಗಳನ್ನೆಲ್ಲ, ಮುಟ್ಟಿಕೊಂಡೇ ಹೋಗಬೇಕು. ಹಾಗಾಗಿ ‘ಟಚ್ ಬೇಸ್’ ಎಂದರೆ ಸುಮ್ಮನೆ ಒಮ್ಮೆ ಸಂಪರ್ಕಿಸಿ ಮಾತಾಡಿಕೊಳ್ಳುವುದು, ದೊಡ್ಡ ಮೀಟಿಂಗ್ ಅಲ್ಲ. ಇಲ್ಲಿ ಚೆಂಡು ನೆಲಕ್ಕೆ ಪುಟಿಯದೆ ನೇರ ಬ್ಯಾಟ್ಸ್‌ಮನ್ ಕಡೆ ಬರುತ್ತದೆ, ಏನು ತಿರುಗಿದರೂ ಗಾಳಿಯಲ್ಲೇ. ನೇರ ಬರುತ್ತಿದೆ ಅಂದುಕೊಂಡಾಗ ಬಾಗಿ ಕೆಳಗಿಳಿಯುವ ಎಸೆತವೇ ಕರ್ವ್‌ಬಾಲ್. ಕಾಲ್‌ನಲ್ಲಿ ಅದು ಸಾಫ್ಟ್‌ವೇರ್ ಬಿಡುಗಡೆಯ ಹಿಂದಿನ ದಿನ ಅನಿರೀಕ್ಷಿತವಾಗಿ ಬಂದ ಹೊಸ ಬೇಡಿಕೆ.

ನನಗೆ ತುಂಬ ಹಿಡಿಸಿದ್ದು ‘ರೇನ್ ಚೆಕ್’. ಮಳೆಯಿಂದ ಪಂದ್ಯ ನಿಂತರೆ ಇನ್ನೊಂದು ದಿನ ಬಂದು ನೋಡಲು ಪ್ರೇಕ್ಷಕರಿಗೆ ಕೊಡುತ್ತಿದ್ದ ಚೀಟಿ ಅದು, 1880ರ ದಶಕದ ಪದ್ಧತಿ. ಡೆಮೊಗೆ ಕರೆದಾಗ ಯಾರಾದರೂ ‘ಐ ವಿಲ್ ಟೇಕ್ ಎ ರೇನ್ ಚೆಕ್’ ಅಂದರೆ ಇವತ್ತು ಆಗಲ್ಲ, ಇನ್ನೊಮ್ಮೆ ನೋಡೋಣ ಎಂದು. ಆ ಇನ್ನೊಮ್ಮೆ ಬರುವುದೇ ಇಲ್ಲದಿರಬಹುದು. ನಮ್ಮಲ್ಲಿ ‘ನೋಡೋಣ ಬಿಡಿ’ ಅಂದಾಗಲೂ ಅಷ್ಟೇ ತಾನೆ?

ಇಂಗ್ಲೆಂಡಿನ ತಂಡವೂ ಕಾಲ್‌ಗೆ ಸೇರಿದ ಮೇಲೆ ಆಟ ಬದಲಾಯಿತು, ಕ್ರಿಕೆಟ್ ಬಂತು. ‘ಸ್ಟಿಕ್ಕಿ ವಿಕೆಟ್’ ಹೊದಿಕೆ ಹಾಕದ ಪಿಚ್‌ಗಳ ಕಾಲದ್ದು: ಮಳೆಗೆ ನೆಂದ ಪಿಚ್ ಬಿಸಿಲಿಗೆ ಒಣಗತೊಡಗಿದಾಗ ಚೆಂಡು ಹೇಗೆಂದರೆ ಹಾಗೆ ಏಳುತ್ತಿತ್ತು. 2017ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ನೆಲದಡಿ ನೀರು ಹೀರುವ ಸಬ್‌ಏರ್ ವ್ಯವಸ್ಥೆಯೇ ಬಂದಿದೆ, ಆದರೂ ಇಕ್ಕಟ್ಟಿಗೆ ಸಿಕ್ಕವರು ಇನ್ನೂ ಸ್ಟಿಕ್ಕಿ ವಿಕೆಟ್‌ನಲ್ಲೇ ಇರುತ್ತಾರೆ. ಬ್ಯಾಟ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೇಸ್‌ಬಾಲಿನ ‘ರೈಟ್ ಆಫ್ ದ ಬ್ಯಾಟ್’ ಅಂದರೆ ತಕ್ಷಣ, ಮೊದಲಿಗೇ. ಕ್ರಿಕೆಟ್ಟಿನ ‘ಆಫ್ ಹಿಸ್ ಓನ್ ಬ್ಯಾಟ್’ ಅಂದರೆ ಯಾರೂ ಹೇಳದೆ, ತಾನಾಗಿಯೇ ಮಾಡಿದ್ದು.

ಹಡಗಿನ ನುಡಿಗಟ್ಟುಗಳೂ ಹೀಗೇ ಗುಂಪಾಗಿ ಸಿಗುತ್ತವೆ. ‘ಟೇಕನ್ ಅಬ್ಯಾಕ್’ ಅಂದರೆ ಬೆಚ್ಚಿಬಿದ್ದದ್ದು; ಗಾಳಿ ಎದುರಿನಿಂದ ನುಗ್ಗಿ ಹಾಯಿಯನ್ನು ಹಿಂದಕ್ಕೆ, ಕಂಬಕ್ಕೆ ಒತ್ತಿದ ಸ್ಥಿತಿ ಅದು.

ಇಂಟರ್‌ನೆಟ್ಟಿನ ಮೂಲಕಥೆಗಳನ್ನು ಮಾತ್ರ ನಂಬುವುದಿಲ್ಲ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಹೇಗೆ ಬಂತೆಂದರೆ, ಬೆಕ್ಕು ನಾಯಿಗಳು ಹುಲ್ಲಿನ ಮಾಡಿನಿಂದ ಮಳೆಗೆ ಜಾರಿ ಬೀಳುತ್ತಿದ್ದವಂತೆ! ಲೇಖಕ ಜೊನಾಥನ್ ಸ್ವಿಫ್ಟ್ 1738ರಲ್ಲೇ ಆ ಮಾತನ್ನು ಬಳಸಿದ್ದು ನಿಜ, ಅದು ಎಲ್ಲಿಂದ ಬಂತೆಂಬುದು ಇತ್ಯರ್ಥವಾಗಿಲ್ಲ.

ಎರಡೂ ದೇಶದವರಿರುವ ಕಾಲ್‌ನಲ್ಲಿ ನನ್ನನ್ನು ಈಗಲೂ ನಿಲ್ಲಿಸುವುದು ‘ಲೆಟ್ಸ್ ಟೇಬಲ್ ಇಟ್’. ಬ್ರಿಟಿಷರಿಗೆ ಅದು ಚರ್ಚೆಗೆ ತೆಗೆದುಕೊಳ್ಳೋಣ, ಅಮೆರಿಕದವರಿಗೆ ಸದ್ಯಕ್ಕೆ ಬದಿಗಿಡೋಣ. ಆಗ ಊಹೆ, ನೋಟ್‌ಬುಕ್ ಎಲ್ಲ ಬಿಟ್ಟು ನೇರ ಕೇಳುತ್ತೇನೆ: ‘ಟುಡೇ ಆರ್ ಲೇಟರ್?’