ಮುಟ್ಟಿದರೆ ಮುರಿಯುವ ಹಳೇ ಕಾಮಿಕ್ಸ್: ಮನೆಯಲ್ಲೇ ಏನು ಮಾಡಬಹುದು?

ಅಟ್ಟದ ಟ್ರಂಕಿನಿಂದ ಹಳೇ ಇಂದ್ರಜಾಲ ಕಾಮಿಕ್ಸ್ ಕಟ್ಟು ಇಳಿಸಿದ್ದೀರಿ. ಮೇಲಿನದನ್ನು ಬಿಡಿಸಿದ ಕೂಡಲೇ ಪುಟದ ಮೂಲೆ ಹಪ್ಪಳದ ಹಾಗೆ ಪಟಕ್ಕನೆ ಮುರಿದು ಕೈಗೆ ಬಂತು. ಅಲ್ಲಿಗೇ ನಿಲ್ಲಿಸಿ. ಆ ಚೂರನ್ನು ಎಸೆಯಬೇಡಿ, ಒಂದು ಕವರಿಗೆ ಹಾಕಿ ಯಾವ ಪುಟದ್ದು ಅಂತ ಬರೆದಿಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾಗದವನ್ನು ಮತ್ತೆ ಹೊಸದು ಮಾಡಲು ಯಾರಿಂದಲೂ ಆಗುವುದಿಲ್ಲ. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತ ಈ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ಕಾಗದದಲ್ಲಿ. ಮರವನ್ನು ಅರೆದು ಮಾಡುವ ಅಂಥ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬೆಸೆದಿಡುವ ವಸ್ತು, ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ, ಆಮ್ಲ ಹುಟ್ಟುತ್ತದೆ, ಆ ಆಮ್ಲ ನಾರುಗಳನ್ನು ಒಳಗಿಂದಲೇ ಕತ್ತರಿಸುತ್ತಾ ಹೋಗುತ್ತದೆ. ಹಳೇ ಬಟ್ಟೆಯ ಚಿಂದಿಯಿಂದ ಮಾಡಿದ 200 ವರ್ಷದ ಕಾಗದ ಇವತ್ತಿಗೂ ಗಟ್ಟಿಯಾಗಿರುತ್ತದೆ, 50 ವರ್ಷದ ಕಾಮಿಕ್ಸ್ ಪುಡಿಯಾಗುತ್ತದೆ. ಹಾಗಾಗಿ ನಮ್ಮ ಕೆಲಸ ಇಷ್ಟೇ: ಇರುವುದಕ್ಕೆ ಆಸರೆ ಕೊಡುವುದು, ಅದೂ ಬೇಡವಾದಾಗ ತೆಗೆಯಲು ಬರುವಂಥ ಆಸರೆ.

ಮಾರುವ ಯೋಚನೆ ಇದ್ದರೆ ಕೈ ಹಾಕಲೇಬೇಡಿ. ಅಮೆರಿಕದಲ್ಲಿ ಕಾಮಿಕ್ಸಿಗೆ ದರ್ಜೆ ಕೊಡುವ ಸಿಜಿಸಿ ಸಂಸ್ಥೆ ರಿಪೇರಿಯಾದ ಪ್ರತಿಗೆ ಬೇರೆಯದೇ ಬಣ್ಣದ ಚೀಟಿ ಹಚ್ಚುತ್ತದೆ. ಸಂಗ್ರಹಕಾರರಿಗೆ ಆ ಚೀಟಿ ಕಂಡರೆ ಆಗುವುದಿಲ್ಲ, ಬೆಲೆ ಇಳಿಯುತ್ತದೆ.

ನಿಮಗೇ ಇಟ್ಟುಕೊಳ್ಳುವುದಾದರೆ ಮೊದಲು ಧೂಳು ತೆಗೆಯಿರಿ. ಪೇಂಟಿಂಗಿನ ಮೆತ್ತನೆಯ ಅಗಲ ಬ್ರಷ್ ಸಾಕು. ಪುಟದ ನಡುವಿನಿಂದ ಹೊರಕ್ಕೆ ಗುಡಿಸಿ, ಹೊರಗಿಂದ ಒಳಕ್ಕೆ ಬಂದರೆ ಹರಿದ ಅಂಚು ಬ್ರಷ್ಷಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಡುವಿನ ಪಿನ್ನು. ತುಕ್ಕು ಹಿಡಿದಿದ್ದರೆ ಅದರ ಸುತ್ತ ಕಾಗದ ಕಂದಾಗಿ ತೂತು ದೊಡ್ಡದಾಗಿರುತ್ತದೆ. ಎಳೆಯಬೇಡಿ. ಪಿನ್ನಿನ ಕಾಲಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಚೂರು ತೂರಿಸಿ, ಮೊಂಡು ಚಾಕುವಿನಿಂದ ಕಾಲುಗಳನ್ನು ನೆಟ್ಟಗೆ ಮಾಡಿ, ಹಿಂದಿನಿಂದ ಮೆಲ್ಲಗೆ ಹೊರಗೆ ತೆಗೆಯಿರಿ. ಕೆಲಸ ಮುಗಿದ ಮೇಲೆ ಅದೇ ತೂತುಗಳಲ್ಲಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿದರಾಯಿತು.

ಈಗ ಅಂಟು. ಮೈದಾ ಗಂಜಿ ಸುಮ್ನೆ ಬಳಿದರೆ ಆಗುವುದಿಲ್ಲವೇ ಅಂತ ಕೇಳುವವರು ಜಾಸ್ತಿ. ಆಗುತ್ತದೆ, ಆದರೆ ಹುಳಕ್ಕೂ ಹಬ್ಬವಾಗುತ್ತದೆ. ಬೇಕಾದದ್ದು ಗೋಧಿಯ ಪಿಷ್ಟ (ಸ್ಟಾರ್ಚ್) ಮಾತ್ರ. ಹಲ್ವಾಕ್ಕೆ ಗೋಧಿ ಹಾಲು ತೆಗೆಯುತ್ತಾರಲ್ಲ, ಅದೇ ಕ್ರಮ: ಮೈದಾ ಹಿಟ್ಟು ಕಲಸಿ, ಅರ್ಧ ಗಂಟೆ ಬಿಟ್ಟು, ನೀರಿನೊಳಗೆ ಹಿಚುಕುತ್ತಾ ಹೋಗಿ. ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ, ಅದು ಬೇಡ. ಪಾತ್ರೆಯ ತಳದಲ್ಲಿ ಬೆಳ್ಳಗೆ ಕೂತದ್ದು ಪಿಷ್ಟ. ಮೇಲಿನ ನೀರು ಬಸಿದು, 1 ಪಾಲು ಪಿಷ್ಟಕ್ಕೆ 4 ಅಥವಾ 5 ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹಾಲಿನ ಬಣ್ಣ ಹೋಗಿ ಗಾಜಿನ ಹಾಗೆ ಆದಮೇಲೆ ಇಳಿಸಿ, ಆರಿಸಿ, ಜರಡಿಯಲ್ಲಿ ಉಜ್ಜಿ ಸೋಸಿ. ಫ್ರಿಜ್ಜಿನಲ್ಲಿ ಕೆಲವೇ ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ತೇಪೆಗೆ ಜಪಾನಿ ಟಿಶ್ಯೂ ಅನ್ನುವ ತೆಳು ಕಾಗದ ಬೇಕು. ಕಲಾ ಸಾಮಗ್ರಿ ಮಾರುವವರಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ನೋಡಲು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ನಾರು ಮಾತ್ರ ಉದ್ದ ಮತ್ತು ಗಟ್ಟಿ. ಕತ್ತರಿಯಿಂದ ಕತ್ತರಿಸಬೇಡಿ. ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು, ಆ ಗೆರೆಯಲ್ಲಿ ಎಳೆದು ಹರಿಯಿರಿ. ಅಂಚಿನಲ್ಲಿ ನಾರು ಜೂಲುಜೂಲಾಗಿ ನಿಲ್ಲುತ್ತದೆ, ಕಾಗದ ಹಿಡಿದುಕೊಳ್ಳುವುದು ಅದೇ. ನೇರ ಕತ್ತರಿಸಿದ ತೇಪೆಯ ಅಂಚಿನಲ್ಲೇ ಪುಟ ಮತ್ತೆ ಮುರಿಯುತ್ತದೆ. ಪಟ್ಟಿ 5 ಮಿಲಿಮೀಟರ್ ಅಗಲ ಇದ್ದರೆ ಸಾಕು.

ಹರಿದ ಜಾಗದ ಎರಡು ಅಂಚು ಸಾಮಾನ್ಯವಾಗಿ ಓರೆಯಾಗಿರುತ್ತವೆ, ಯಾವುದು ಯಾವುದರ ಮೇಲೆ ಕೂರುತ್ತದೆ ಅಂತ ಒಣಗಿದ್ದಾಗಲೇ ಜೋಡಿಸಿ ನೋಡಿಕೊಳ್ಳಿ. ಪಟ್ಟಿಗೆ ಅಂಟು ಬಳಿದು, ಬ್ಲಾಟಿಂಗ್ ಪೇಪರಿಗೆ ಒಮ್ಮೆ ತಾಗಿಸಿ ನೀರು ಹೀರಿಸಿ, ಆಮೇಲೆ ಹಚ್ಚಿ. ಇದನ್ನು ಮರೆತರೆ ಕಾಗದದೊಳಗಿನ ಕೊಳೆ ನೀರಿನ ಜೊತೆ ಹರಿದು, ಒದ್ದೆಯ ಅಂಚಿನಲ್ಲಿ ಕಂದು ಗೆರೆಯಾಗಿ ನಿಲ್ಲುತ್ತದೆ, ಚಾ ಲೋಟದ ಕಲೆಯ ಹಾಗೆ. ಮೇಲೆ ಕೆಳಗೆ ಬಟರ್ ಪೇಪರ್, ಅದರಾಚೆ ಬ್ಲಾಟಿಂಗ್, ಮೇಲೆ ದಪ್ಪ ಡಿಕ್ಷನರಿ ಇಟ್ಟು ರಾತ್ರಿಯಿಡೀ ಬಿಡಿ.

ಟೇಪು? ಎಂಟನೇ ಕ್ಲಾಸಿನಲ್ಲಿ ನಾನು ಫ್ಯಾಂಟಮ್ ಕಥೆಯ ಒಂದು ಕಾಮಿಕ್ಸಿನ ಮುಖಪುಟಕ್ಕೆ ಉದ್ದಕ್ಕೂ ಹಚ್ಚಿದ್ದೆ. ಈಗ ಟೇಪು ತಾನಾಗಿ ಉದುರಿದೆ, ಅಂಟು ಮಾತ್ರ ಕಾಗದಕ್ಕೆ ಇಳಿದು ಎಣ್ಣೆ ಬಜ್ಜಿ ಸುತ್ತಿದ ಪೇಪರಿನ ಹಾಗೆ ಆ ಕಡೆಯದು ಈ ಕಡೆ ಕಾಣುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಬಿಸಿಯಲ್ಲಿ ಒಮ್ಮೆ ಅಂಟಿತು ಅಂದರೆ ಬಿಡಿಸುವಂತಿಲ್ಲ. ಸುಣ್ಣದ ತಿಳಿನೀರಲ್ಲಿ ಅದ್ದಿದರೆ ಆಮ್ಲ ಹೋಗುತ್ತದೆ ಅಂತ ಓದಿರಬಹುದು. ತತ್ವ ನಿಜ, ಕ್ಷಾರ ಆಮ್ಲವನ್ನು ಕೊಲ್ಲುತ್ತದೆ. ಆದರೆ ಒದ್ದೆಯಾದ ಮುರುಕಲು ಪುಟವನ್ನು ಮೇಲೆತ್ತುವಾಗ ಕೈಯಲ್ಲಿ ಅರ್ಧ ಬರುತ್ತದೆ, ಕೆಲವು ಬಣ್ಣಗಳೂ ಬದಲಾಗುತ್ತವೆ. ಹೋದ ಗಟ್ಟಿತನವಂತೂ ಮರಳಿ ಬರುವುದಿಲ್ಲ.

ಮುಟ್ಟಿದಲ್ಲೆಲ್ಲ ಮುರಿಯುವ ಪ್ರತಿಯಾದರೆ ತೇಪೆಯೂ ಬೇಡ. ಆಮ್ಲವಿಲ್ಲದ (ಆಸಿಡ್-ಫ್ರೀ) ರಟ್ಟಿನ ಮೇಲೆ ಮಲಗಿಸಿ, ಪಾಲಿಯೆಸ್ಟರ್ ಹಾಳೆಯ ಪಾರದರ್ಶಕ ಕವರಿಗೆ ಸೇರಿಸಿ. ಮೆತ್ತನೆಯ ಪಿವಿಸಿ ಕವರ್ ಬೇಡವೇ ಬೇಡ, ಅದು ಶಾಯಿಯನ್ನೇ ಅಂಟಿಸಿಕೊಳ್ಳುತ್ತದೆ. ಮರದ ಕಪಾಟಿಗಿಂತ ಕಬ್ಬಿಣದ ಬೀರು ಮೇಲು. ಮಂಗಳೂರಿನ ಮಳೆಗಾಲದ ಥಂಡಿಗಾಳಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ. ಮತ್ತೆ ಅಟ್ಟಕ್ಕೆ ಮಾತ್ರ ಹಾಕಬೇಡಿ, ಏಪ್ರಿಲ್‌ನಲ್ಲಿ ಹೆಂಚಿನ ಕೆಳಗೆ ಒಮ್ಮೆ ಕೈಯಿಟ್ಟು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.