ಬಸ್ಸಾರಿನ ಕಟ್ಟು ಯಾರಿಗೆ, ಪಲ್ಯ ಯಾರಿಗೆ

ಕಿಡ್ನಿ ಕ್ಲಿನಿಕ್‌ನಲ್ಲಿ ಊಟದ ಪಥ್ಯ ಹೇಳುವುದು ನನ್ನ ಕೆಲಸ. ಎದುರಿಗೆ ಕೂರುವವರಲ್ಲಿ ಅರ್ಧ ಜನರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ: ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ಬೇಳೆ ಬೇಡ, ಸೊಪ್ಪು ಬೇಡ, ರಾಗಿ ಬೇಡ. ಯಾರಿಗೋ ಬರೆದುಕೊಟ್ಟದ್ದರ ಜೆರಾಕ್ಸ್, ಇಲ್ಲವೇ ವಾಟ್ಸಾಪ್‌ನಲ್ಲಿ ಬಂದದ್ದು. ಅದನ್ನು ಮಡಿಸಿಟ್ಟು ನಾನು ಮೊದಲು ಕೇಳುವುದು ಲ್ಯಾಬ್ ರಿಪೋರ್ಟ್. ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿ 4.2 ಇರುವವರಿಗೂ ಏರಿ 5.8 ಆಗಿರುವವರಿಗೂ ಒಂದೇ ಪಥ್ಯ ಹೇಳಿದರೆ, ಮೊದಲಿನವರು ಸುಮ್ಮನೆ ಉಪವಾಸ ಬೀಳುತ್ತಾರೆ.

ರಿಪೋರ್ಟಿನಲ್ಲಿ ಎಲ್ಲರ ಕಣ್ಣೂ ಕ್ರಿಯಾಟಿನಿನ್ ಮೇಲೆ. 1.3 ಬಂದರೆ ‘ಒಂಚೂರು ಜಾಸ್ತಿ’ ಅಂದುಕೊಂಡು ಸುಮ್ಮನಾಗುತ್ತಾರೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಅದು ಹುಟ್ಟುವುದು ಸ್ನಾಯುಗಳಲ್ಲಿ. ವಯಸ್ಸಾದ ಹೆಂಗಸರಲ್ಲಿ ಸ್ನಾಯುವೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಅಷ್ಟಾಗಿ ಏರುವುದಿಲ್ಲ. ಅದೇ 1.3 ಅನ್ನು ಇಜಿಎಫ್ಆರ್ ಲೆಕ್ಕಕ್ಕೆ, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜಿಗೆ, ಹಾಕಿದರೆ 30 ವರ್ಷದ ಗಂಡಸಿಗೆ ಸುಮಾರು 76 ಬರುತ್ತದೆ, 65 ವರ್ಷದ ಹೆಂಗಸಿಗೆ ಸುಮಾರು 46. ಈ ಲೆಕ್ಕ 60ರ ಕೆಳಗೆ ಮೂರು ತಿಂಗಳು ದಾಟಿಯೂ ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 15ರ ಕೆಳಗೆ ಇಳಿದರೆ ಕಿಡ್ನಿ ವೈಫಲ್ಯ.

ಎಷ್ಟೋ ಜನರಲ್ಲಿ ಇದಕ್ಕೂ ಮೊದಲೇ ಸುಳಿವು ಕೊಡುವುದು ಮೂತ್ರ. ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ನೋಡಿಸಬೇಕು. ಆಲ್ಬುಮಿನ್ ರಕ್ತದ ಒಂದು ಪ್ರೋಟೀನ್, ಕಿಡ್ನಿ ಕೆಟ್ಟರೆ ಮೂತ್ರಕ್ಕೆ ಸೋರುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅದು 30 ಮಿಲಿಗ್ರಾಂ ಒಳಗಿರಬೇಕು. ಬೆಳಗೆದ್ದು ಮಾಡುವ ಮೊದಲ ಮೂತ್ರದಲ್ಲಿ ಶುರುವಿನದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. ಜ್ವರ, ಉರಿಮೂತ್ರ, ಮುಟ್ಟು ಇದ್ದ ದಿನ, ಅಥವಾ ಮೈಮುರಿಯ ಕೆಲಸ ಮಾಡಿದ ಮರುದಿನ ಕೊಟ್ಟರೆ ಅಂಕಿ ಸುಳ್ಳೇ ಏರುತ್ತದೆ.

ಆಮೇಲೆ ಅಡುಗೆಮನೆ. “ಉಪ್ಪು ಜಾಸ್ತಿ ತಿಂತೀರಾ?” ಅಂತ ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಇಲ್ಲ ಅನ್ನುತ್ತಾರೆ. “ಅಮ್ಮಾ, ತಿಂಗಳಿಗೆ ಉಪ್ಪಿನ ಪ್ಯಾಕೆಟ್ ಎಷ್ಟು ತರಿಸ್ತೀರಿ? ಊಟಕ್ಕೆ ಎಷ್ಟು ಜನ?” ಎಂದರೆ ಲೆಕ್ಕ ಸಿಗುತ್ತದೆ. ನಾಲ್ಕು ಜನರಿಗೆ ಒಂದು ಕೆಜಿ ಅಂದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು. ಇರಬೇಕಾದದ್ದು 5 ಗ್ರಾಂ ಒಳಗೆ, ಅಂದರೆ ನಾಲ್ಕು ಜನರಿಗೆ ತಿಂಗಳಿಗೆ 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪೂ ಈ 5 ಗ್ರಾಂ ಒಳಗೇ ಸೇರಬೇಕು. ನಾನು ಹೇಳುವ ಉಪಾಯ ಇಷ್ಟೇ: ತಿಂಗಳ ಮೊದಲ ದಿನ 600 ಗ್ರಾಂ ತೂಗಿ ಬೇರೆ ಡಬ್ಬಿಗೆ ಹಾಕಿ, ಅದರಲ್ಲೇ ತಿಂಗಳು ಮುಗಿಸಿ. ಸೈಂಧವ ಲವಣ, ಕಲ್ಲುಪ್ಪು ಎಂದು ಬದಲಾಯಿಸಿದರೆ ಏನೂ ಉಳಿಯುವುದಿಲ್ಲ, ಅವೂ ಸೋಡಿಯಂ ಕ್ಲೋರೈಡೇ. ‘ಲೋ ಸೋಡಿಯಂ’ ಉಪ್ಪು ಇನ್ನೂ ಅಪಾಯ. ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗುವುದಿಲ್ಲ.

ಪೊಟ್ಯಾಸಿಯಂ ನಿಜವಾಗಿ ಏರಿದ್ದರೆ, ಅಂದರೆ 5.5ರ ಆಚೀಚೆ ಇದ್ದರೆ, ಆಗ ಮಾತ್ರ ತರಕಾರಿಗೆ ಕೈ ಹಾಕುತ್ತೇನೆ. ಅದಕ್ಕೂ ಮೊದಲು ರಕ್ತ ತೆಗೆಯುವಾಗ ಕಷ್ಟವಾಯಿತಾ ಎಂದು ಕೇಳುತ್ತೇನೆ. ಸಿರಿಂಜ್‌ನಲ್ಲಿ ರಕ್ತಕಣ ಒಡೆದಿದ್ದರೆ ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮಲಬದ್ಧತೆಯಿಂದಲೂ ಏರುತ್ತದೆ, ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. 6 ದಾಟಿದ್ದರೆ ನನ್ನ ಹತ್ತಿರ ಕೂರುವ ಹೊತ್ತಲ್ಲ, ಎದೆಬಡಿತ ತಪ್ಪುವ ಭಯ ಇರುತ್ತದೆ. ನೇರ ಡಾಕ್ಟರ ಹತ್ತಿರ ಕಳಿಸುತ್ತೇನೆ.

ತರಕಾರಿಯ ವಿಷಯ ತಿಳಿಸಲು ನಮ್ಮ ಬಸ್ಸಾರಿಗಿಂತ ಒಳ್ಳೆಯ ಪಾಠ ಇಲ್ಲ. ದಂಟಿನ ಸೊಪ್ಪು, ತೊಗರಿಬೇಳೆ ಹೇರಳ ನೀರಿನಲ್ಲಿ ಬೇಯುತ್ತವೆ. ನೀರು ಬಸಿದು ಆ ಕಟ್ಟಿಗೆ ಖಾರ ಹಾಕಿದರೆ ಸಾರು, ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಪೊಟ್ಯಾಸಿಯಂ ನೀರಿನಲ್ಲಿ ಕರಗುವಂಥದ್ದು, ದೊಡ್ಡ ಪಾಲು ಕಟ್ಟಿಗೆ ಇಳಿದಿರುತ್ತದೆ. ಹಾಗಾಗಿ ಪಲ್ಯ ರೋಗಿಗೆ, ಸಾರು ಮನೆಯವರಿಗೆ. ಮನೆಗಳಲ್ಲಿ ಆಗುವುದು ತಿರುವುಮುರುವು: ಹುಷಾರಿಲ್ಲದವರಿಗೆ ಹಗುರ ಎಂದು ಸಾರನ್ನೇ ಬಡಿಸುತ್ತಾರೆ. ಬೇರೆ ತರಕಾರಿಗೂ ಇದೇ ಕ್ರಮ. ಸಣ್ಣಗೆ ಹೆಚ್ಚಿ, ಮುಳುಗಿ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಷ್ಟು ಹಾಕಿ, ಬೇಯಿಸಿ, ಬಸಿದು ಚೆಲ್ಲಬೇಕು. ಆಲೂಗಡ್ಡೆಗೆ ಎರಡು ಸಲ. ಕುಕ್ಕರಿನಲ್ಲಿ ಒಂದು ಲೋಟ ನೀರಿಗೆ ಕೂಗಿಸಿದರೆ ಬಸಿಯಲು ಏನೂ ಇರುವುದಿಲ್ಲ, ಎಲ್ಲ ಒಳಗೇ. ಇಡೀ ಗೆಡ್ಡೆಯನ್ನು ತಣ್ಣೀರಲ್ಲಿ ನೆನೆಹಾಕಿದರೂ ಹೆಚ್ಚೇನೂ ಹೋಗುವುದಿಲ್ಲ.

ಎಳನೀರು, ಬಾಳೆದಿಂಡಿನ ರಸವನ್ನು ‘ಕಿಡ್ನಿ ತೊಳೆಯುತ್ತದೆ’ ಎಂದು ಕುಡಿಯುವವರು ಬಹಳ. ಎರಡರಲ್ಲೂ ಪೊಟ್ಯಾಸಿಯಂ ತುಂಬಿರುತ್ತದೆ. ಕರಾವಳಿ, ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು: ಧಾರೆಹುಳಿ ಅಂದರೆ ಕಮರಾಕ್ಷಿ ಹಣ್ಣು ಕಿಡ್ನಿ ಸೋತವರಿಗೆ ಒಂದು ಹೋಳೂ ಬೇಡ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತನಕ ಹೋಗುತ್ತದೆ. ಕೊಲೆಸ್ಟ್ರಾಲಿಗೆಂದು ಬಿಂಬುಳಿ ರಸ ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಚೆನ್ನಾಗಿದ್ದ ಕಿಡ್ನಿಯನ್ನೂ ಕಟ್ಟಿಹಾಕುತ್ತದೆ.

ಪ್ರೋಟೀನ್ ವಿಷಯದಲ್ಲಿ ಎಡವುವವರೇ ಹೆಚ್ಚು. ಕಾಯಿಲೆ ಮುಂದುವರಿದಿದ್ದು ಡಯಾಲಿಸಿಸ್ ಇನ್ನೂ ಬೇಕಿಲ್ಲದವರಿಗೆ ತೂಕದ ಪ್ರತಿ ಕೆಜಿಗೆ 0.8 ಗ್ರಾಂ ಸಾಕು. 60 ಕೆಜಿಯವರಿಗೆ 48 ಗ್ರಾಂ. ಡಯಾಲಿಸಿಸ್ ಶುರುವಾದ ದಿನ ಈ ಲೆಕ್ಕ ಮಗುಚಿಕೊಳ್ಳುತ್ತದೆ. ರಕ್ತ ಶುದ್ಧವಾಗುವಾಗ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳೂ ಸೋರಿಹೋಗುವುದರಿಂದ ಅದೇ 60 ಕೆಜಿಯವರಿಗೆ 60ರಿಂದ 72 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ಹಿಡಿದುಕೊಂಡವರ ತೋಳು ತೊಡೆ ಕರಗುತ್ತವೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಅಂದರೆ 30 ಗ್ರಾಂ ಬೇಳೆಯಲ್ಲಿ 6–7 ಗ್ರಾಂ, ಹೀಗೆ ಕೂಡಿಸಿ ತೋರಿಸುತ್ತೇನೆ. ರಾಗಿಯನ್ನು ರಂಜಕದ (ಫಾಸ್ಫರಸ್) ಹೆದರಿಕೆಗೆ ಬಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಧಾನ್ಯದ ರಂಜಕ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕೋಲಾ, ಪ್ಯಾಕೆಟ್ ಮಾಂಸದಲ್ಲಿ ಬೆರೆಸಿದ ಫಾಸ್ಫೇಟ್ ಬಹುಪಾಲು ಸೇರುತ್ತದೆ. ಮೊದಲು ಅದು ನಿಲ್ಲಲಿ. ರಂಜಕ ಹಿಡಿಯುವ ಸೆವೆಲಮರ್ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಬರಿ ಹೊಟ್ಟೆಯಲ್ಲಿ ಹಿಡಿಯಲು ಏನಿರುತ್ತದೆ?

ಡಯಾಲಿಸಿಸ್‌ನವರಿಗೆ ನೀರು: ಹಿಂದಿನ ದಿನದ ಮೂತ್ರದ ಅಳತೆ, ಜೊತೆಗೆ 500 ಮಿಲಿ. ಅಷ್ಟು ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡಿ. ಕಾಫಿ, ಮಜ್ಜಿಗೆ, ಸಾರು ಕುಡಿದಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿ. ಬಾಟಲಿ ಖಾಲಿಯಾದರೆ ಆ ದಿನದ್ದು ಮುಗಿಯಿತು. ಬಾಯಾರಿಕೆ ತಡೆಯಲಾಗುತ್ತಿಲ್ಲ ಅಂದರೆ ತಪ್ಪು ಉಪ್ಪಿನಲ್ಲಿದೆ: 8 ಗ್ರಾಂ ಉಪ್ಪು ಹತ್ತಿರ ಹತ್ತಿರ ಒಂದು ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ.

ಮಾತ್ರೆಗಳು ನನ್ನ ಪಾಲಿನ ಕೆಲಸವಲ್ಲ, ಆದರೂ ಚೀಲ ಬಿಚ್ಚಿಸಿ ನೋಡುತ್ತೇನೆ. ಮಂಡಿನೋವಿಗೆ ಮೆಡಿಕಲ್‌ನಿಂದ ತಂದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಸ್ಟ್ರಿಪ್ ಆಗಾಗ ಸಿಗುತ್ತದೆ. ಇವು ಕಿಡ್ನಿಗೆ ರಕ್ತ ಹರಿಯುವುದನ್ನೇ ತಗ್ಗಿಸುತ್ತವೆ. ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ತುಸು ಏರಿತೆಂದು ತಾವೇ ನಿಲ್ಲಿಸುವವರೂ ಇದ್ದಾರೆ. ಮೊದಲ ವಾರಗಳಲ್ಲಿ ನೂರಕ್ಕೆ 30ರಷ್ಟು ಏರುವ ತನಕ ಸಾಮಾನ್ಯವಾಗಿ ಡಾಕ್ಟರು ಅದನ್ನು ಮುಂದುವರಿಸುತ್ತಾರೆ. ವಾಂತಿ ಭೇದಿ ಹತ್ತಿದ ದಿನ ಮಾತ್ರ ನುಂಗುವ ಮೊದಲು ಫೋನ್ ಮಾಡಿ ಕೇಳಬೇಕು.

ಇಜಿಎಫ್ಆರ್ 30ರ ಕೆಳಗೆ ಬಂದವರಿಗೆ ಎದ್ದು ಹೋಗುವಾಗ ಕೈ ಬಗ್ಗೆ ಹೇಳುತ್ತೇನೆ. ಬಲಗೈಯವರಾದರೆ ಎಡಗೈಯನ್ನು ಕಾಪಾಡಿಕೊಳ್ಳಿ. ಮುಂದೆ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸುವ ಆಪರೇಷನ್, ಮಾಡುವುದು ಸಾಮಾನ್ಯವಾಗಿ ಅಲ್ಲೇ, ಅದು ಬಲಿಯಲು ಆರೆಂಟು ವಾರ ಬೇಕು, ಚುಚ್ಚಿ ಚುಚ್ಚಿ ಕೆಟ್ಟ ರಕ್ತನಾಳದಲ್ಲಿ ಅದು ಏಳುವುದಿಲ್ಲ. ರಕ್ತ ತೆಗೆಯಲು, ಡ್ರಿಪ್ ಹಾಕಲು ಬಂದವರಿಗೆ ಬಲ ಅಂಗೈಯ ಹಿಂಭಾಗ ತೋರಿಸಿ.