ಒಂದು ಮಳೆಗಾಲ ಕಂಡ ಕೆಲಸ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ

ಹಳೆ ಮನೆ ರಿಪೇರಿ ಅಂದ ಕೂಡಲೇ ನಾವೆಲ್ಲ ಕೇಳುವ ಮೊದಲ ಪ್ರಶ್ನೆ 'ಚದರಕ್ಕೆ ಎಷ್ಟು?'. ಹೊಸದಾಗಿ ಕಟ್ಟುವವರಿಗೆ ಈ ಲೆಕ್ಕ ಸರಿ, ರಿಪೇರಿಗೆ ಹೊಂದುವುದಿಲ್ಲ. 30 ವರ್ಷದ ಮನೆಯ ಬಾತ್‌ರೂಮ್ ಒಡೆದರೆ ತುಕ್ಕು ಹಿಡಿದ ಜಿಐ ಪೈಪ್ ಸಿಗಬಹುದು, ಸ್ಲ್ಯಾಬಿನ ಕಂಬಿಯೇ ಹಾಳಾಗಿರಬಹುದು, ಅದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ರೇಟ್ ಆಮೇಲೆ. ಮೊದಲು ಕೆಲಸ ಮಾಡಿಸುವ ಕಾಂಟ್ರಾಕ್ಟರ್ ಎಂಥ ಮನುಷ್ಯ ಅಂತ ನೋಡಿ.

ಅದಕ್ಕೂ ಮುಂಚೆ ನಿಮ್ಮ ಕಡೆಯ ಕೆಲಸ ಒಂದಿದೆ, ಪಟ್ಟಿ ಬರೆಯುವುದು. 'ಅಡುಗೆಮನೆ ಚೆನ್ನಾಗಿ ಮಾಡಿಸಬೇಕು' ಅಂದರೆ ಸಾಲದು. ಕಡಪಾ ಕಲ್ಲಿನ ಕಟ್ಟೆ ತೆಗೆದು ಗ್ರಾನೈಟ್, ಸಿಂಕ್ ಕಿಟಕಿ ಕೆಳಗೆ, ನಾಲ್ಕು ಪ್ಲಗ್ ಪಾಯಿಂಟ್, ಹೀಗೆ ಬಿಡಿಬಿಡಿಯಾಗಿ ಬರೆಯಿರಿ. ಗೋಡೆ ಒಡೆಯುವ ಯೋಚನೆ ಇದ್ದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಪಿಲ್ಲರ್ ಇಲ್ಲದ ಹಳೆ ಮನೆಗಳಲ್ಲಿ ಛಾವಣಿಯ ಭಾರ ಹೊರುವುದೇ ಗೋಡೆ. 'ಅದೇನಿಲ್ಲ ಸಾರ್, ಒಡೆದು ಹಾಕೋಣ' ಅಂತ ನಿಂತಲ್ಲೇ ಹೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಹೆಸರು ಯಾರನ್ನು ಕೇಳಬೇಕು? ನೆಂಟರು, ಅಕ್ಕಪಕ್ಕದವರು ಇದ್ದೇ ಇದ್ದಾರೆ. ನಿಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯವರನ್ನೂ ಕೇಳಿ. ಯಾರು ಯಾವ ಮಾಲು ಒಯ್ಯುತ್ತಾರೆ, ಯಾರು ಬಾಕಿ ಉಳಿಸಿಕೊಂಡು ಅಂಗಡಿ ಬದಲಾಯಿಸುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಟೈಲ್ಸ್ ಹಾಕುವವರು, ಪ್ಲಂಬರ್‌ಗಳೂ ಹೇಳುತ್ತಾರೆ. ಕೂಲಿ ಸರಿಯಾಗಿ ಕೊಡದ ಕಾಂಟ್ರಾಕ್ಟರ್ ಹತ್ತಿರ ಒಳ್ಳೆ ಕೆಲಸಗಾರರು ನಿಲ್ಲುವುದಿಲ್ಲ ಅಲ್ವಾ?

ಇನ್ನು ಮುಖ್ಯ ವಿಷಯ. ಕಾಂಟ್ರಾಕ್ಟರ್ ಮಾಡಿದ ಕೆಲಸ ನೋಡಲು ಹೋಗಿ, ಆದರೆ ಈಗಷ್ಟೇ ಮುಗಿದ ಮನೆಗೆ ಬೇಡ, ಕನಿಷ್ಠ ಒಂದು ಮಳೆಗಾಲ ಕಳೆದ ಮನೆಗೇ ಕರೆದೊಯ್ಯಿ ಅಂತ ಹಟ ಹಿಡಿಯಿರಿ. ಹೊಸ ಪೇಂಟ್ ಎಲ್ಲವನ್ನೂ ಮುಚ್ಚುತ್ತದೆ. ಬಾತ್‌ರೂಮಿನ ಹೊರಗೋಡೆಯಲ್ಲಿ ನೆಲಕ್ಕೆ ಹತ್ತಿರದ ಜಾಗ ನೋಡಿ. ಪೇಂಟ್ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ಒಳಗಿನಿಂದ ನೀರು ಜಿನುಗುತ್ತಿರುವ ಸಾಧ್ಯತೆ ಜಾಸ್ತಿ. ಒಳಗೆ ಒಂದು ಚೊಂಬು ನೀರು ಸುರಿಯಿರಿ, ನೇರ ಜಾಲರಿಗೆ ಓಡಬೇಕು, ಮೂಲೆಯಲ್ಲಿ ನಿಲ್ಲಬಾರದು. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ ಅಂತ. ಆಮೇಲೆ ಮನೆಯವರ ಜತೆ, ಕಾಂಟ್ರಾಕ್ಟರ್ ಪಕ್ಕದಲ್ಲಿ ಇಲ್ಲದಾಗ, ಎರಡು ಮಾತಾಡಿ: ಕೊನೆಯ ಬಿಲ್ ಮೊದಲು ಹೇಳಿದ್ದಕ್ಕಿಂತ ಎಷ್ಟು ಹೆಚ್ಚಾಯಿತು, ಹಣ ಪೂರ್ತಿ ಕೊಟ್ಟ ಮೇಲೂ ಕರೆದರೆ ಬಂದರಾ?

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ಒಟ್ಟು 15 ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಚಿಕ್ಕ ಮೇಸ್ತ್ರಿಗಳಿಗೆ ನಂಬರ್ ಇಲ್ಲದಿರಬಹುದು, ಅದು ತಪ್ಪಲ್ಲ. ಆದರೆ ನಂಬರೇ ಇಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಸೇರಿಸಿದರೆ ಕೊಡಬೇಡಿ.

ಈಗ ಅದೇ ಪಟ್ಟಿಯನ್ನು ಮೂವರಿಗೆ ಕೊಟ್ಟು ಎಸ್ಟಿಮೇಟ್ ಕೇಳಿ. ಬರೀ ಲೇಬರ್ ಕಾಂಟ್ರಾಕ್ಟಾ, ಮೆಟೀರಿಯಲ್ ಸೇರಿಯಾ ಅನ್ನುವುದು ಸ್ಪಷ್ಟವಾಗಿರಲಿ, ಇಲ್ಲದಿದ್ದರೆ ಹೋಲಿಸಲು ಆಗುವುದೇ ಇಲ್ಲ. ಎಲ್ಲರಿಗಿಂತ ತೀರಾ ಕಡಿಮೆ ಹೇಳಿದವರು ಏನನ್ನೋ ಬಿಟ್ಟಿರುತ್ತಾರೆ, ಅದು ಆಮೇಲೆ 'ಎಕ್ಸ್‌ಟ್ರಾ' ಆಗಿ ಬರುತ್ತದೆ. 'ಒಳ್ಳೆ ಪ್ಲೈವುಡ್' ಅಂತ ಬರೆದಿದ್ದರೆ ಹರಿದು ವಾಪಸ್ ಕೊಡಿ. ಕಂಪನಿ, ದಪ್ಪ, ಗ್ರೇಡ್ ಎಲ್ಲ ಬೇಕು. ಸಿಂಕ್ ಕೆಳಗೆ ನೀರು ತಡೆಯುವ ಐಎಸ್ 710 ಮರೀನ್ ಪ್ಲೈ ಕೇಳಿ. ಮಾಲು ಬಂದಾಗ ಹಾಳೆಯ ಮೇಲಿನ ಐಎಸ್‌ಐ ಗುರುತಿನ ಜತೆ ಇರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ.

ಕರಾರನ್ನು ಸ್ಟಾಂಪ್ ಪೇಪರ್ ಮೇಲೆ ಮಾಡಿಕೊಳ್ಳಿ. ಅರ್ಧ ಹಣ ಮೊದಲೇ ಕೇಳುವವರಿಗೆ ಬೇಡ ಅನ್ನಿ. ಶೇ 10ರಷ್ಟು ಅಡ್ವಾನ್ಸ್, ಮಿಕ್ಕಿದ್ದು ಕೆಲಸ ಮುಗಿದ ಹಂತಕ್ಕೆ ತಕ್ಕಂತೆ, ಕೊನೆಯ ಶೇ 10 ಎಲ್ಲ ಮುಗಿದು ಒಂದಷ್ಟು ದಿನ ಬಳಸಿ ನೋಡಿದ ಮೇಲೆ. ಹೆಚ್ಚುವರಿ ಕೆಲಸ ಬಂದರೆ ರೇಟ್ ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಕೊಂಡ ಮೇಲೇ ಶುರುವಾಗಲಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಒಂದು ಶರತ್ತನ್ನಂತೂ ಕರಾರಿನಲ್ಲಿ ಸೇರಿಸಲೇಬೇಕು. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಜಾಲರಿ ಮುಚ್ಚಿ ನೀರು ಕಟ್ಟಿ ಎರಡು ದಿನ ಬಿಡಬೇಕು. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಕೆಳಗಿನ ಮನೆಯ ಸೀಲಿಂಗ್ ಮುಟ್ಟಿ ನೋಡಿ. ಆವಿಯಾಗಿ ಒಂಚೂರು ಇಳಿದರೆ ಪರವಾಗಿಲ್ಲ, ಸೀಲಿಂಗ್ ತೇವ ಆಗಿದ್ದರೆ ಕೆಲಸ ಮತ್ತೆ ಮಾಡಿಸಿ. ನಿಜವಾದ ಕೆಲಸಗಾರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. 'ಟೈಮ್ ವೇಸ್ಟ್' ಅನ್ನುವವರ ಜತೆ ಮುಂದುವರಿಯುವ ಮುನ್ನ ಯೋಚಿಸಿ. ಗೋಡೆ ಮುಚ್ಚುವ ಮೊದಲು ಪೈಪ್, ವೈರ್ ಹೋದ ದಾರಿಯ ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಇಷ್ಟಾದರೂ ಅರ್ಧಕ್ಕೆ ಬಿಟ್ಟು ಹೋದರೆ? ನಿಮ್ಮ ಮನೆಯ ರಿಪೇರಿ ಜಗಳಕ್ಕೆ ರೆರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಬರುವುದಿಲ್ಲ, ಅದು ಬಿಲ್ಡರ್‌ಗಳ ಪ್ರಾಜೆಕ್ಟ್‌ಗೆ. ನೀವು ಹೋಗಬೇಕಾದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ, ಅದೂ 2 ವರ್ಷದೊಳಗೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೊ, ವಾಟ್ಸ್ಆ್ಯಪ್ ಮೆಸೇಜ್ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡಿರಿ.